ದಲಾಲಿ ಪುಸ್ತಕ, ಮಾಲಿನ ಪುಸ್ತಕ



ಕಳೆದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಸಾಗರಕ್ಕೆ ಬಂದಿದ್ದ. ಹಬ್ಬದೂಟ ಮುಗಿದು ಎಲ್ಲರೂ ಜಗಲಿಯಲ್ಲಿ ಅಡ್ಡಾದ ಹೊತ್ತಿಗೆ ಅವನು ಮೊಬೈಲು ಹಿಡಿದು ನನ್ನ ಪಕ್ಕ ಬಂದು ಕೂತ. ವಿದೇಶದ ಒಂದು ಕ್ರಿಪ್ಟೊ ಕಂಪನಿಯಿಂದ ಅವನಿಗೆ ಕೆಲಸದ ಪತ್ರ ಬಂದಿತ್ತು. ಸಂಬಳದ ಒಂದು ಪಾಲು ತಿಂಗಳು ತಿಂಗಳು ಬ್ಯಾಂಕಿಗೆ, ಇನ್ನೊಂದು ಪಾಲು ಕಂಪನಿಯ ಶೇರಿನ ರೂಪದಲ್ಲಿ. “ಮಾವ, ನೀವು ನಲವತ್ತು ವರ್ಷ ಲೆಕ್ಕ ಬರೆದವರು. ಈ ಕಂಪನಿ ಲಾಭದಲ್ಲಿದ್ಯೋ ಇಲ್ವೋ ಒಂದು ಸಲ ನೋಡಿ ಹೇಳಿ. ಒಂದು ಪುಟದಲ್ಲಿ ಲಾಭ ಅಂತಾರೆ, ಮುಂದಿನ ಪುಟದಲ್ಲಿ ನಷ್ಟ ಅಂತಾರೆ” ಅಂದ.

ಅವತ್ತು ಅವನಿಗೆ ಹೇಳಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಬಿಟ್‌ಕಾಯಿನ್ ಕೊಳ್ಳಬೇಕೆ ಬೇಡವೆ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಅಂಥ ನಾಣ್ಯಗಳ ವ್ಯವಹಾರವನ್ನೇ ಕಸುಬು ಮಾಡಿಕೊಂಡ ಕಂಪನಿ ಆ ಕಸುಬಿನಿಂದ ನಿಜವಾಗಿ ದುಡಿಯುತ್ತಿದೆಯೇ ಎಂದು ತಿಳಿಯುವುದು ಹೇಗೆ, ಅಷ್ಟೇ ನನ್ನ ವಿಷಯ.

ನಮ್ಮಪ್ಪ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಮೇಜಿನ ಮೇಲೆ ಕೆಂಪು ರಟ್ಟಿನ ಎರಡು ಉದ್ದನೆಯ ಪುಸ್ತಕಗಳಿರುತ್ತಿದ್ದವು. ಒಂದು ದಲಾಲಿಯದು. ರೈತರು ತಂದ ಅಡಿಕೆ ಯಾರಿಗೆ ಹೋಯಿತು, ಮಂಡಿಗೆ ದಲಾಲಿ ಎಷ್ಟು ಬಂತು, ಹಮಾಲಿಗೆಷ್ಟು, ಬಾಡಿಗೆಗೆಷ್ಟು ಎಂಬ ಲೆಕ್ಕ ಅದರಲ್ಲಿ. ಇನ್ನೊಂದು ಮಾಲಿನದು. ಸಾಹುಕಾರರು ತಾವೇ ಕೊಂಡು ಗೋದಾಮಿನಲ್ಲಿ ಇಟ್ಟುಕೊಂಡ ರಾಶಿ, ಬೆಟ್ಟೆ ಅಡಿಕೆಯ ಲೆಕ್ಕ. ಧಾರಣೆ ಏರಿದ ವರ್ಷ ಸಾಹುಕಾರರ ಮುಖ ಅರಳಿರುತ್ತಿತ್ತು. ಲಕ್ಷ್ಮೀಪೂಜೆಯ ಸಂಜೆ ಅವರು “ಏನು ರಾಯರೇ, ಈ ವರ್ಷ ಮಂಡಿ ಎಷ್ಟು ದುಡೀತು?” ಎಂದು ಕೇಳಿದರೆ ಅಪ್ಪ ಮಾಲಿನ ಪುಸ್ತಕ ಮುಟ್ಟುತ್ತಿರಲಿಲ್ಲ. ದಲಾಲಿ ಪುಸ್ತಕ ತೆರೆದು, ಬಂದದ್ದರಲ್ಲಿ ಖರ್ಚು ಕಳೆದು, ಒಂದು ಅಂಕಿ ಹೇಳುತ್ತಿದ್ದರು. “ಮಾಲಿನ ಮಾತು ಮಾಲು ಮಾರಿದ ಮೇಲೆ” ಎನ್ನುತ್ತಿದ್ದರು. ಲೆಕ್ಕಶಾಸ್ತ್ರದ ಪರೀಕ್ಷೆಗಳನ್ನು ನಾನು ಪಾಸು ಮಾಡಿದ್ದು ಎಷ್ಟೋ ವರ್ಷಗಳ ಮೇಲೆ. ಕಾರ್ಯಾಚರಣೆಯ ಲಾಭ ಅಂದರೆ ಏನು ಎಂಬುದು ತಲೆಗೆ ಹೋದದ್ದು ಮಾತ್ರ ಆ ಮೇಜಿನ ಪಕ್ಕದಲ್ಲಿ.

ಈಗ ಸಮುದ್ರದಾಚೆಯ ಒಂದು ಭಾರೀ ಮಂಡಿಗೆ ಹೋಗೋಣ. ಅಮೆರಿಕದ ಕಾಯಿನ್‌ಬೇಸ್ ಕಂಪನಿ. 2012ರಲ್ಲಿ ಬ್ರಯಾನ್ ಆರ್ಮ್‌ಸ್ಟ್ರಾಂಗ್ ಮತ್ತು ಫ್ರೆಡ್ ಅರ್ಸಮ್ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದನ್ನು ಕಟ್ಟಿದರು. 2021ರ ಏಪ್ರಿಲ್ 14ರಂದು ಇದರ ಶೇರು ನಾಸ್ಡಾಕ್ ಪೇಟೆಗೆ ಬಂತು. ಅಂದಿನಿಂದ ಮೂರು ಮೂರು ತಿಂಗಳಿಗೆ ತನ್ನ ಲೆಕ್ಕವನ್ನು ಎಲ್ಲರ ಮುಂದೆ ಬಿಚ್ಚಿಡುವುದು ಅದಕ್ಕೆ ಕಡ್ಡಾಯ. ಅದನ್ನೇ ಉದಾಹರಣೆಯಾಗಿ ಆರಿಸಿಕೊಂಡದ್ದು ಆ ಕಾರಣಕ್ಕೆ. ಅಂಕಿ ಅಂಶ ಯಾರು ಬೇಕಾದರೂ ತೆಗೆದು ನೋಡಬಹುದು.

ಅದರ ಕಸುಬು ಏನು? ಮೊದಲನೆಯದು ಅಚ್ಚ ದಲಾಲಿ. ಜನ ಬಿಟ್‌ಕಾಯಿನ್, ಈಥರ್ ಮುಂತಾದ ನಾಣ್ಯಗಳನ್ನು ಅಲ್ಲಿ ಕೊಳ್ಳುತ್ತಾರೆ, ಮಾರುತ್ತಾರೆ. ಪ್ರತಿ ವಹಿವಾಟಿಗೂ ಕಂಪನಿಗೆ ಶುಲ್ಕ. 2021ರಲ್ಲಿ ಬಂದ ಒಟ್ಟು ಸುಮಾರು 784 ಕೋಟಿ ಡಾಲರ್ ಆದಾಯದಲ್ಲಿ 684 ಕೋಟಿ ಈ ಶುಲ್ಕದ್ದೇ. ಎರಡನೆಯದು ಬಡ್ಡಿ. ಯುಎಸ್‌ಡಿಸಿ ಎಂಬ ನಾಣ್ಯವೊಂದಿದೆ. ಒಂದು ನಾಣ್ಯಕ್ಕೆ ಒಂದು ಡಾಲರ್ ಎಂಬ ವಾಗ್ದಾನ ಅದರದು. ಅದನ್ನು ಹೊರಡಿಸುವ ಸರ್ಕಲ್ ಕಂಪನಿ ಜನರಿಂದ ಬಂದ ಡಾಲರನ್ನು ಬಹುಪಾಲು ಅಮೆರಿಕ ಸರ್ಕಾರದ ಸಾಲಪತ್ರಗಳಲ್ಲಿ ಇಡುತ್ತದೆ, ಬರುವ ಬಡ್ಡಿಯಲ್ಲಿ ಕಾಯಿನ್‌ಬೇಸ್‌ಗೂ ಪಾಲು ಕೊಡುತ್ತದೆ. 2023ರಲ್ಲಿ ಈ ಬಾಬ್ತಿನಿಂದಲೇ ಸುಮಾರು 69 ಕೋಟಿ ಡಾಲರ್ ಬಂತು. ಅಲ್ಲಿನ ಫೆಡರಲ್ ರಿಸರ್ವ್ ಬಡ್ಡಿದರವನ್ನು ಶೇಕಡ 5ರ ಮೇಲಕ್ಕೆ ಏರಿಸಿದ್ದ ಕಾಲ ಅದು. ದರ ಇಳಿದರೆ ಈ ಆದಾಯವೂ ಕುಗ್ಗುತ್ತದೆ. ಇದರಲ್ಲಿ ಕಂಪನಿಯ ಶ್ರಮಕ್ಕಿಂತ ಫೆಡರಲ್ ರಿಸರ್ವ್‌ನ ತೀರ್ಮಾನವೇ ದೊಡ್ಡದು.

ಮೂರನೆಯದು ಸ್ಟೇಕಿಂಗ್. ಗ್ರಾಹಕರ ನಾಣ್ಯಗಳನ್ನು ಬ್ಲಾಕ್‌ಚೈನ್ ಜಾಲದಲ್ಲಿ ಒತ್ತೆ ಇಟ್ಟು, ವಹಿವಾಟುಗಳನ್ನು ದೃಢಪಡಿಸುವ ಕೆಲಸ ಮಾಡಿದರೆ ಜಾಲವು ಹೊಸ ನಾಣ್ಯ ಕೊಡುತ್ತದೆ. ಅದರಲ್ಲಿ ಕಂಪನಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಗ್ರಾಹಕರಿಗೆ ಕೊಡುತ್ತದೆ. ಲೆಕ್ಕದಲ್ಲಿ ಮಾತ್ರ ಬಂದದ್ದು ಪೂರ್ತಿ ಆದಾಯದ ಕಡೆಗೂ, ಗ್ರಾಹಕರಿಗೆ ಕೊಟ್ಟದ್ದು ಖರ್ಚಿನ ಕಡೆಗೂ ಹೋಗುತ್ತದೆ. ಕಾನೂನಿಗೆ ಇದು ಒಪ್ಪಿತ. ಆದರೆ ಆದಾಯದ ದೊಡ್ಡ ಅಂಕಿಯನ್ನಷ್ಟೇ ನೋಡಿದವನು ರೈತನ ಅಡಿಕೆಯ ಬೆಲೆಯನ್ನೂ ಮಂಡಿಯ ದುಡಿಮೆಗೆ ಸೇರಿಸಿದಂತಾಗುತ್ತದೆ.

ಇನ್ನು ಲಾಭದ ಮಾತು. 2023ರ ವರ್ಷವನ್ನು ತೆಗೆದುಕೊಳ್ಳುತ್ತೇನೆ. ಅವತ್ತು ಜಗಲಿಯಲ್ಲಿ ಒಂದು ಹಾಳೆಯ ಮೇಲೆ ಇದನ್ನೇ ಬರೆದು ತೋರಿಸಿದ್ದೆ. ಪೆನ್ನು ಹತ್ತಿರವಿದ್ದರೆ ನೀವೂ ಬರೆದುಕೊಳ್ಳಿ.

ಆ ವರ್ಷ ಕಾಯಿನ್‌ಬೇಸ್‌ಗೆ ಬಂದ ಒಟ್ಟು ಆದಾಯ ಸುಮಾರು 311 ಕೋಟಿ ಡಾಲರ್. ವ್ಯವಹಾರ ನಡೆಸಲು ಆದ ಖರ್ಚು ಸುಮಾರು 327 ಕೋಟಿ. ಕಳೆದರೆ 16 ಕೋಟಿ ಡಾಲರ್ ನಷ್ಟ. ಕಾರ್ಯಾಚರಣೆಯ ಫಲ ಅಂತ ಲೆಕ್ಕದವರು ಕರೆಯುವುದು ಇದನ್ನು.

ಅದೇ ವರ್ಷದ ನಿವ್ವಳ ಫಲ ನೋಡಿದರೆ 9.5 ಕೋಟಿ ಡಾಲರ್ ಲಾಭ! ನಷ್ಟದ ಕಂಪನಿ ಲಾಭಕ್ಕೆ ಬಂದದ್ದು ಹೇಗೆ? ಹಿಂದೆ ಹೊರಡಿಸಿದ ತನ್ನದೇ ಸಾಲಪತ್ರಗಳ ಬೆಲೆ ಪೇಟೆಯಲ್ಲಿ ಇಳಿದಿತ್ತು. ಕಂಪನಿ ಅವನ್ನು ಅಗ್ಗಕ್ಕೆ ವಾಪಸು ಕೊಂಡಿತು. 100 ರೂಪಾಯಿ ಸಾಲವನ್ನು 70ಕ್ಕೋ 80ಕ್ಕೋ ತೀರಿಸಿದರೆ ಉಳಿದದ್ದು ಲಾಭ ತಾನೆ? ಹಾಗೆ ಸುಮಾರು 12 ಕೋಟಿ ಡಾಲರ್ ಬಂತು. ತೆರಿಗೆಯ ಲೆಕ್ಕದಲ್ಲಿ 17 ಕೋಟಿ ಕಂಪನಿಯ ಪರವಾಗಿ ನಿಂತಿತು. ಸಾಲದ ಬಡ್ಡಿ, ಉಳಿದ ಸಣ್ಣಪುಟ್ಟ ಬಾಬ್ತುಗಳನ್ನು ಹಿಡಿದು ಕೂಡಿ ಕಳೆದರೆ ಕೊನೆಗೆ ನಿಲ್ಲುವುದು ಆ 9.5 ಕೋಟಿ. ಇದರಲ್ಲಿ ಸುಳ್ಳು ಒಂದು ಕಾಸಿನದೂ ಇಲ್ಲ. ಆದರೆ ನಾಣ್ಯ ಮಾರಾಟದ ದಲಾಲಿಗೂ ಈ ಲಾಭಕ್ಕೂ ಸಂಬಂಧವಿಲ್ಲ.

ಮೂರನೆಯ ಅಂಕಿ ಇನ್ನೂ ದೊಡ್ಡದು: 96.4 ಕೋಟಿ ಡಾಲರ್. ಇದರ ಹೆಸರು ಅಡ್ಜಸ್ಟೆಡ್ ಎಬಿಟ್ಡಾ. ಬಡ್ಡಿ, ತೆರಿಗೆ, ಸವಕಳಿ ಇವುಗಳನ್ನು ಕಳೆಯುವ ಮುಂಚಿನ ಗಳಿಕೆಯನ್ನು ಎಬಿಟ್ಡಾ ಎನ್ನುತ್ತಾರೆ. ಅದರ ಮೇಲೆ ಕಂಪನಿ ತನಗೆ ಸರಿಕಂಡ ಇನ್ನಷ್ಟು ಹೊಂದಾಣಿಕೆ ಮಾಡಿದರೆ ಅಡ್ಜಸ್ಟೆಡ್. ಸಾಲ ವಾಪಸು ಕೊಂಡದ್ದರಿಂದ ಬಂದ ಆ 12 ಕೋಟಿಯನ್ನು ಕಾಯಿನ್‌ಬೇಸ್ ಇಲ್ಲಿ ತಾನಾಗಿ ಕಳೆದಿದೆ. ಅಷ್ಟರ ಮಟ್ಟಿಗೆ ಈ ಅಳತೆ ಪ್ರಾಮಾಣಿಕ ಎಂದು ಒಪ್ಪಬೇಕು. ಸವಕಳಿಯ 14 ಕೋಟಿ ವಾಪಸು ಸೇರಿಸಿದೆ. 2023ರ ಜನವರಿಯಲ್ಲಿ ಸುಮಾರು 950 ಮಂದಿಯನ್ನು ಕೆಲಸದಿಂದ ತೆಗೆದ ಖರ್ಚು ಮುಂತಾದ ಪುನರ್‌ರಚನೆಯ ವೆಚ್ಚ ಇನ್ನೊಂದು 14 ಕೋಟಿ. ಎಲ್ಲಕ್ಕಿಂತ ದೊಡ್ಡ ಬಾಬ್ತು ನೌಕರರಿಗೆ ಶೇರಿನ ರೂಪದಲ್ಲಿ ಕೊಟ್ಟ ಸಂಬಳ, 78 ಕೋಟಿ ಡಾಲರ್. ವರ್ಷದ ಆದಾಯದ ಕಾಲು ಭಾಗ!

ಒಂದೇ ಕಂಪನಿ, ಒಂದೇ ವರ್ಷ. 16 ಕೋಟಿ ನಷ್ಟ, 9.5 ಕೋಟಿ ಲಾಭ, 96.4 ಕೋಟಿ ಗಳಿಕೆ. ಮೂರೂ ಆಡಿಟ್ ಆದ ಪುಸ್ತಕಗಳಿಂದಲೇ ಹೊರಟದ್ದು. ಕಂಪನಿಯ ಪತ್ರಿಕಾ ಪ್ರಕಟಣೆಯ ಮೊದಲ ಪುಟದಲ್ಲಿ ಯಾವುದು ಕೂರುತ್ತದೆ, ಇಪ್ಪತ್ತನೆಯ ಪುಟಕ್ಕೆ ಯಾವುದು ಹೋಗುತ್ತದೆ ಎಂಬುದರ ಮೇಲೆ ನಮ್ಮ ತಿಳಿವಳಿಕೆ ನಿಂತಿದೆ.

ಶೇರಿನ ಸಂಬಳದ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬೆಂಗಳೂರಿನಲ್ಲಿ ಮಕ್ಕಳು ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗಳಿಗೆ ಇದು ಹೊಸದೇನಲ್ಲ. ಇಸಾಪ್ ಎಂಬ ಹೆಸರಿನಲ್ಲಿ ಅವರಿಗೆ ಗೊತ್ತು. ಇದನ್ನು ಲೆಕ್ಕದಿಂದ ಹೊರಗಿಡುವವರು ಹೇಳುವ ಕಾರಣ, ಪೆಟ್ಟಿಗೆಯಿಂದ ನಗದು ಹೋಗಿಲ್ಲವಲ್ಲ ಎಂದು. ನಿಜ, ನಗದು ಹೋಗಿಲ್ಲ. ಆದರೆ ಶೇರು ಕೊಡದಿದ್ದರೆ ಆ ಹುಡುಗರು ಕೆಲಸಕ್ಕೆ ನಿಲ್ಲುತ್ತಿದ್ದರೆ? ಅಷ್ಟೇ ನಗದು ಕೊಡಬೇಕಾಗುತ್ತಿತ್ತು. ಮಂಡಿ ಸಾಹುಕಾರರು ಹಮಾಲರಿಗೆ ಕೂಲಿಯ ಬದಲು ಮಂಡಿಯಲ್ಲಿ ಚೂರು ಚೂರು ಪಾಲು ಬರೆದುಕೊಟ್ಟರೆ ಪೆಟ್ಟಿಗೆ ತುಂಬಿಯೇ ಇರುತ್ತದೆ, ಮಂಡಿ ಮಾತ್ರ ವರ್ಷದಿಂದ ವರ್ಷಕ್ಕೆ ಬೇರೆಯವರ ಪಾಲಾಗುತ್ತಾ ಹೋಗುತ್ತದೆ. ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಶೇರುದಾರರ ಮುಂದೆ ಹಲವು ವರ್ಷ ಇದೇ ಪ್ರಶ್ನೆ ಎತ್ತಿದ್ದಾರೆ. ಶೇರಿನ ಸಂಬಳ ಸಂಬಳವೇ. ಅದನ್ನು ಕಳೆಯದೆ ಹೇಳಿದ ಗಳಿಕೆಯನ್ನು ನಾನು ಲಾಭ ಎಂದು ಒಪ್ಪುವುದಿಲ್ಲ.

ಇನ್ನು ಮಾಲಿನ ಪುಸ್ತಕಕ್ಕೆ ಬರೋಣ. ಕ್ರಿಪ್ಟೊ ಕಂಪನಿಗಳು ತಮ್ಮ ಸ್ವಂತ ಲೆಕ್ಕಕ್ಕೂ ನಾಣ್ಯಗಳನ್ನು ಇಟ್ಟುಕೊಂಡಿರುತ್ತವೆ. ಅಮೆರಿಕದ ಲೆಕ್ಕದ ನಿಯಮ ಮೊದಲು ಈ ನಾಣ್ಯಗಳನ್ನು ಟ್ರೇಡ್‌ಮಾರ್ಕಿನಂಥ ಅಮೂರ್ತ ಆಸ್ತಿ ಎಂದು ಪರಿಗಣಿಸುತ್ತಿತ್ತು. ಬೆಲೆ ಇಳಿದರೆ ನಷ್ಟ ಬರೆಯಬೇಕು, ಮತ್ತೆ ಏರಿದರೆ ಮಾರುವ ತನಕ ಏರಿಸಿ ಬರೆಯುವಂತಿಲ್ಲ. ಅಪ್ಪ ಕೇಳಿದ್ದರೆ ತಲೆದೂಗುತ್ತಿದ್ದರು. ಆದರೆ ಆಸ್ತಿಯ ನಿಜವಾದ ಬೆಲೆ ಅದರಲ್ಲಿ ಕಾಣುತ್ತಿರಲಿಲ್ಲ. 2023ರ ಡಿಸೆಂಬರಿನಲ್ಲಿ ಅಲ್ಲಿನ ಲೆಕ್ಕಮಾನದಂಡ ಮಂಡಳಿ ನಿಯಮ ಬದಲಿಸಿತು. ಪೇಟೆ ಬೆಲೆ ಏರಲಿ ಇಳಿಯಲಿ, ಮೂರು ಮೂರು ತಿಂಗಳಿಗೆ ಅದನ್ನು ಲಾಭನಷ್ಟಕ್ಕೆ ಬರೆಯಬೇಕು. ಆಸ್ತಿಪಟ್ಟಿಗೆ ಇದು ಒಳ್ಳೆಯದೇ. ಲಾಭದ ಪಟ್ಟಿಯ ಮಟ್ಟಿಗೆ ಮಾತ್ರ ಎರಡು ಕೆಂಪು ಪುಸ್ತಕಗಳನ್ನು ಒಂದೇ ದಾರದಲ್ಲಿ ಹೊಲಿದಂತಾಯಿತು.

2025ರ ಏಪ್ರಿಲ್‌ನಿಂದ ಜೂನ್ ತನಕದ ಮೂರು ತಿಂಗಳ ಲೆಕ್ಕ ನೋಡಿ. ಕಾಯಿನ್‌ಬೇಸ್‌ಗೆ ಬಂದ ಆದಾಯ ಸುಮಾರು 150 ಕೋಟಿ ಡಾಲರ್, ಖರ್ಚೂ ಸುಮಾರು ಅಷ್ಟೇ. ಕಸುಬಿನಲ್ಲಿ ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಆದರೂ ನಿವ್ವಳ ಲಾಭ 143 ಕೋಟಿ! ಜೂನ್ ತಿಂಗಳಲ್ಲಿ ಸರ್ಕಲ್ ಕಂಪನಿಯ ಶೇರು 31 ಡಾಲರಿಗೆ ಪೇಟೆಗೆ ಬಂದು ಕೆಲವೇ ವಾರಗಳಲ್ಲಿ ಹಲವು ಪಟ್ಟು ಏರಿತ್ತು. ಕಾಯಿನ್‌ಬೇಸ್ ಕೈಯಲ್ಲಿದ್ದ ಸರ್ಕಲ್ ಶೇರುಗಳ ಬೆಲೆ ಹೆಚ್ಚಿದ್ದಕ್ಕೆ ತೆರಿಗೆಗೆ ಮುಂಚೆ 150 ಕೋಟಿ, ತನ್ನ ನಾಣ್ಯಗಳ ಬೆಲೆ ಹೆಚ್ಚಿದ್ದಕ್ಕೆ 36 ಕೋಟಿ. ಎರಡೂ ಮಾರಿ ಬಂದ ದುಡ್ಡಲ್ಲ. ಇವನ್ನು ಬಿಟ್ಟು ಕಂಪನಿಯೇ ಕೊಟ್ಟ ಅಂಕಿ 3.3 ಕೋಟಿ ಡಾಲರ್. 143 ಎಲ್ಲಿ, 3.3 ಎಲ್ಲಿ!

ಅದೇ ಮೂರು ತಿಂಗಳಲ್ಲಿ ಇನ್ನೊಂದು ಖರ್ಚು ಇತ್ತು. ಹೊರದೇಶದ ಗ್ರಾಹಕ ಸೇವಾ ಸಿಬ್ಬಂದಿಗೆ ಲಂಚ ಕೊಟ್ಟು ಗ್ರಾಹಕರ ವಿವರ ಕದ್ದವರು 2 ಕೋಟಿ ಡಾಲರ್ ಕೇಳಿದರು. ಕಂಪನಿ ಕೊಡಲಿಲ್ಲ, ಅದನ್ನು ಮೆಚ್ಚುತ್ತೇನೆ. ಮೋಸಹೋದ ಗ್ರಾಹಕರಿಗೆ ತುಂಬಿಕೊಡುವುದೂ ಸೇರಿ ಸುಮಾರು 31 ಕೋಟಿ ಡಾಲರ್ ವೆಚ್ಚ ಬರೆಯಿತು. ಅಡ್ಜಸ್ಟೆಡ್ ಎಬಿಟ್ಡಾದಲ್ಲಿ ಅದನ್ನೂ ಹೊರಗಿಟ್ಟಿತು, ಒಮ್ಮೆ ಆಗಿ ಹೋದದ್ದು ಎಂಬ ಲೆಕ್ಕದಲ್ಲಿ. ನನಗೆ ಇದು ಒಪ್ಪಿಗೆಯಿಲ್ಲ. ಪರರ ಸ್ವತ್ತನ್ನು ಕಾಪಾಡುವುದೇ ಈ ಕಸುಬಿನ ತಿರುಳು. ಗೋದಾಮಿಗೆ ಕನ್ನ ಬಿದ್ದರೆ ಆ ನಷ್ಟ ಗೋದಾಮು ನಡೆಸುವ ಖರ್ಚೇ.

ಕಾರ್ಯಾಚರಣೆಯ ಲಾಭ ಎಂಬ ಹೆಸರೂ ಎಲ್ಲ ಕಡೆ ಒಂದೇ ಅರ್ಥದ್ದಲ್ಲ. ಮೈಕ್ರೊಸ್ಟ್ರ್ಯಾಟಜಿ ಎಂಬ ಹಳೆಯ ಸಾಫ್ಟ್‌ವೇರ್ ಕಂಪನಿ 2020ರ ಆಗಸ್ಟಿನಿಂದ ಬಿಟ್‌ಕಾಯಿನ್ ಕೊಂಡು ಕೂಡಿಡುತ್ತಿದೆ; ಈಗ ಸ್ಟ್ರ್ಯಾಟಜಿ ಎಂದು ಹೆಸರು. ಹೂಡಿಕೆಗೆಂದು ಇಟ್ಟ ನಾಣ್ಯಗಳ ಏರಿಳಿತವನ್ನು ಕಾಯಿನ್‌ಬೇಸ್ ಕಾರ್ಯಾಚರಣೆಯ ಗೆರೆಯ ಕೆಳಗೆ ಬರೆದರೆ, ಇವರು ಗೆರೆಯ ಮೇಲೆ ಬರೆಯುತ್ತಾರೆ. 2025ರ ಅದೇ ಏಪ್ರಿಲ್‌-ಜೂನ್‌ನಲ್ಲಿ ಸಾಫ್ಟ್‌ವೇರಿನಿಂದ ಬಂದ ಆದಾಯ 11.45 ಕೋಟಿ ಡಾಲರ್. ಕಾರ್ಯಾಚರಣೆಯ ಲಾಭ ಸುಮಾರು 1,400 ಕೋಟಿ ಡಾಲರ್! ಅದರ ಹಿಂದಿನ ಮೂರು ತಿಂಗಳಲ್ಲಿ ಸುಮಾರು 590 ಕೋಟಿ ನಷ್ಟ. ಎರಡೂ ಸಲ ಸಾಫ್ಟ್‌ವೇರಿನ ಆದಾಯ ಹೆಚ್ಚುಕಡಿಮೆ ಅಷ್ಟೇ. ಏರಿಳಿದದ್ದು ಬಿಟ್‌ಕಾಯಿನ್ ಬೆಲೆ. ಇದೇ ಕಂಪನಿ ಹಳೆಯ ನಿಯಮದ ಕಾಲದಲ್ಲಿ ಬಿಟ್‌ಕಾಯಿನ್ ನಷ್ಟವನ್ನು ಬಿಟ್ಟು ತನ್ನದೇ ಅಳತೆಯ ಲಾಭ ತೋರಿಸುತ್ತಿತ್ತು. ಹಾಗೆ ಮಾಡಕೂಡದೆಂದು ಅಮೆರಿಕದ ಶೇರುಪೇಟೆ ನಿಯಂತ್ರಕರು ಬರೆದ ಪತ್ರ 2022ರ ಜನವರಿಯಲ್ಲಿ ಹೊರಬಂತು.

ನಾಣ್ಯ ಗಣಿಗಾರಿಕೆಯ ಕಂಪನಿಗಳಲ್ಲಿ ಸವಕಳಿಯೇ ದೊಡ್ಡ ಮಾತು. ಸಾಲು ಸಾಲು ಯಂತ್ರಗಳು ಹಗಲೂ ರಾತ್ರಿ ಕರೆಂಟು ತಿಂದು ಲೆಕ್ಕ ಬಿಡಿಸುತ್ತವೆ. ಸರಿಸುಮಾರು ಹತ್ತು ನಿಮಿಷಕ್ಕೊಮ್ಮೆ ಜಗತ್ತಿನಲ್ಲಿ ಯಾರಿಗೋ ಒಬ್ಬರಿಗೆ ಬಿಟ್‌ಕಾಯಿನ್ ಬಹುಮಾನ ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಆ ಬಹುಮಾನ 6.25ರಿಂದ 3.125ಕ್ಕೆ ಇಳಿಯಿತು, ನಾಲ್ಕು ವರ್ಷಕ್ಕೊಮ್ಮೆ ಹಾಗೆ ಅರ್ಧವಾಗುವುದು ಬಿಟ್‌ಕಾಯಿನ್ನಿನ ಕಟ್ಟಳೆ. ಹೊಸ ಯಂತ್ರ ಬಂದ ಹಾಗೆಲ್ಲ ಹಳೆಯದು ಕರೆಂಟು ಬಿಲ್ಲಿಗೂ ಸಾಲದಂತಾಗುತ್ತದೆ. ಇಲ್ಲಿ ಸವಕಳಿ ಕಾಗದದ ಮೇಲಿನ ಅಂಕಿಯಲ್ಲ, ಯಂತ್ರ ನಿಜವಾಗಿ ಸಾಯುತ್ತಿದೆ. ಸವಕಳಿ ಕಳೆಯದ ಎಬಿಟ್ಡಾವನ್ನು ಗಣಿ ಕಂಪನಿ ಮುಂದಿಟ್ಟರೆ ದಯವಿಟ್ಟು ಪುಟ ತಿರುಗಿಸಿ ಸವಕಳಿಯ ಸಾಲು ಹುಡುಕಿ. ಟೆಕ್ಸಾಸಿನ ಕೋರ್ ಸೈಂಟಿಫಿಕ್ ಎಂಬ ದೊಡ್ಡ ಗಣಿ ಕಂಪನಿಯೇ 2022ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, 2024ರ ಜನವರಿಯಲ್ಲಿ ಅದರಿಂದ ಹೊರಬಂತು.

ಮಂಡಿಯ ಗೋದಾಮಿನಲ್ಲಿ ರೈತರು ಇಟ್ಟುಹೋದ ಮೂಟೆಗಳೂ ಇರುತ್ತವೆ. ಅವು ಸಾಹುಕಾರರ ಮಾಲೂ ಅಲ್ಲ, ದಲಾಲಿಯೂ ಅಲ್ಲ. ಎಫ್‌ಟಿಎಕ್ಸ್ ಎಂಬ ವಿನಿಮಯ ಕೇಂದ್ರ 2022ರ ನವೆಂಬರ್ 11ರಂದು ದಿವಾಳಿಯಾದದ್ದು ಈ ಗಡಿ ಅಳಿಸಿದ್ದರಿಂದ. ಗ್ರಾಹಕರು ನಂಬಿ ಇಟ್ಟ ಹಣ ಸೋದರ ಕಂಪನಿಗೆ ಹೋಗಿತ್ತು. ಆ ಸೋದರ ಕಂಪನಿಯ ಆಸ್ತಿಪಟ್ಟಿಯಲ್ಲಿ ದೊಡ್ಡ ಪಾಲು ಎಫ್‌ಟಿಎಕ್ಸ್ ತಾನೇ ಹೊರಡಿಸಿದ ನಾಣ್ಯ. ಎಫ್‌ಟಿಎಕ್ಸ್‌ನ ಒಡೆಯನಿಗೆ 25 ವರ್ಷ ಸೆರೆಯಾಯಿತು.

ನಮ್ಮ ನೆಲದ ಅನುಭವವೂ ಇದೆ. 2013ರಲ್ಲಿ ತುಮಕೂರಿನಲ್ಲಿ ಹುಟ್ಟಿದ ಯುನೊಕಾಯಿನ್ ದೇಶದ ಮೊದಮೊದಲ ಬಿಟ್‌ಕಾಯಿನ್ ಕಂಪನಿಗಳಲ್ಲೊಂದು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಇಂಥ ಕಂಪನಿಗಳಿಗೆ ಬ್ಯಾಂಕ್ ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಕಾಯಿನ್‌ಬೇಸ್ 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಸಮಾರಂಭ ಮಾಡಿ ಯುಪಿಐ ಮೂಲಕ ಕೊಳ್ಳುವ ಸೇವೆ ಆರಂಭಿಸಿ ಕೆಲವೇ ದಿನಗಳಲ್ಲಿ ನಿಲ್ಲಿಸಬೇಕಾಯಿತು. ಅದೇ ವರ್ಷ ಲಾಭಕ್ಕೆ ಶೇಕಡ 30 ತೆರಿಗೆಯೂ, ಜುಲೈನಿಂದ ಪ್ರತಿ ಮಾರಾಟಕ್ಕೆ ಶೇಕಡ 1 ಟಿಡಿಎಸ್ಸೂ ಬಂದವು. ದಲಾಲಿ ನಿಂತಿರುವುದು ವಹಿವಾಟಿನ ಗಾತ್ರದ ಮೇಲೆ. ಒಂದು ಸುತ್ತೋಲೆ ಅದನ್ನು ಒಣಗಿಸಬಲ್ಲದು. ಒಂದು ಅನುಕೂಲವೂ ಇದೆ. 2021ರ ಏಪ್ರಿಲ್‌ನಿಂದ ನಮ್ಮ ಕಂಪನಿಗಳು ತಮ್ಮಲ್ಲಿರುವ ಕ್ರಿಪ್ಟೊ ಎಷ್ಟು, ಅದರಿಂದ ಆದ ಲಾಭನಷ್ಟವೆಷ್ಟು ಎಂದು ವಾರ್ಷಿಕ ಲೆಕ್ಕದಲ್ಲಿ ಬೇರೆಯಾಗಿ ಹೇಳಲೇಬೇಕು.

ಹಾಗಾದರೆ ಅಳೆಯುವುದು ಹೇಗೆ? ನಾನು ಹೀಗೆ ಮಾಡುತ್ತೇನೆ. ಶುಲ್ಕ, ಸ್ಟೇಕಿಂಗ್‌ನ ಆದಾಯದಲ್ಲಿ ಗ್ರಾಹಕರ ಪಾಲನ್ನು ಮೊದಲೇ ಕಳೆಯುತ್ತೇನೆ. ಬಡ್ಡಿಯ ಆದಾಯವನ್ನು ಬೇರೆ ಸಾಲಿನಲ್ಲಿ ಬರೆದು ದರ ಅರ್ಧಕ್ಕಿಳಿದರೆ ಏನಾದೀತು ಎಂದು ನೋಡುತ್ತೇನೆ. ಸಂಬಳ, ಶೇರಿನ ಸಂಬಳ, ಸವಕಳಿ, ಕಳ್ಳತನದ ನಷ್ಟ ಎಲ್ಲವನ್ನೂ ಕಳೆಯುತ್ತೇನೆ. ನಾಣ್ಯದ ಬೆಲೆ ಏರಿಳಿತವನ್ನು, ಲಾಭವಿರಲಿ ನಷ್ಟವಿರಲಿ, ಪಕ್ಕಕ್ಕಿಡುತ್ತೇನೆ. ಆಮೇಲೆ ಒಂದು ವರ್ಷಕ್ಕೆ ತೃಪ್ತನಾಗುವುದಿಲ್ಲ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳೆರೋಗ ಬಂದ ವರ್ಷ, ಧಾರಣೆ ಬಂದ ವರ್ಷ ಎರಡೂ ಸೇರಿದರೇ ತೋಟದ ಲೆಕ್ಕ. ಕಾಯಿನ್‌ಬೇಸ್‌ನ ನಿವ್ವಳ ಫಲ 2021ರಲ್ಲಿ 362 ಕೋಟಿ ಡಾಲರ್ ಲಾಭ, 2022ರಲ್ಲಿ 262 ಕೋಟಿ ನಷ್ಟ, 2023ರಲ್ಲಿ 9.5 ಕೋಟಿ ಲಾಭ, 2024ರಲ್ಲಿ ಸುಮಾರು 258 ಕೋಟಿ ಲಾಭ. ಮೊದಲ ಅಂಕಿ ನೋಡಿ ಓಡಿದವರೂ ಎರಡನೆಯದು ನೋಡಿ ಓಡಿಹೋದವರೂ ಕಂಪನಿಯನ್ನು ನೋಡಲೇ ಇಲ್ಲ, ನಾಣ್ಯದ ಧಾರಣೆ ನೋಡಿದರು.

ಅವತ್ತು ಇಷ್ಟನ್ನೂ ಹೇಳಿ, “ಈಗ ನಿನ್ನ ಕಂಪನಿಯ ಪತ್ರ ತೆಗಿ, ಕೊನೆಕೊನೆಯ ಪುಟಗಳಲ್ಲಿ ಒಂದು ಹೊಂದಾಣಿಕೆ ಪಟ್ಟಿ ಇರುತ್ತೆ, ಅದನ್ನ ಓದು” ಅಂದೆ. ಹುಡುಗ ಬೆರಳಿನಿಂದ ಪುಟ ಸರಿಸುತ್ತಾ ಹೋದ. ಕೊನೆಗೂ ಆ ಪಟ್ಟಿ ಸಿಕ್ಕಿತು. ಸಣ್ಣ ಅಕ್ಷರ, ಎರಡು ಬೆರಳಿಟ್ಟು ದೊಡ್ಡದು ಮಾಡಿದ. ಮೇಲೆ ನಿವ್ವಳ ನಷ್ಟ, ಕೆಳಗೆ ಅಡ್ಜಸ್ಟೆಡ್ ಗಳಿಕೆ, ನಡುವೆ ಏಳೆಂಟು ಸಾಲು. ಒಂದೊಂದೇ ಸಾಲನ್ನು ಮೆಲ್ಲಗೆ ಓದುತ್ತಾ ಬಂದವನು ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದ. ನೌಕರರಿಗೆ ಶೇರಿನ ರೂಪದಲ್ಲಿ ಕೊಟ್ಟ ವೇತನ ಎಂದಿತ್ತು.

“ಮಾವ, ಈ ಸಾಲಲ್ಲಿರೋದು ನನ್ನ ಸಂಬಳ ಅಲ್ವಾ?” ಅಂದ.

“ಹೌದಪ್ಪ” ಅಂದೆ.

ಒಳಗಿನಿಂದ ಅಕ್ಕ ಕಾಫಿಗೆ ಕರೆದಳು. ಅವನು ಏಳಲಿಲ್ಲ. ಪಕ್ಕದಲ್ಲಿದ್ದ ಹಾಳೆ ಎಳೆದುಕೊಂಡು, ಕೆಳಗಿನ ಅಂಕಿಯಿಂದ ಆ ಸಾಲನ್ನು ತಾನೇ ಕಳೆಯತೊಡಗಿದ.